ಅಡಿಕೆ ಸೋಗೆಗೆ ಬಿದ್ದ ಗಾಳ: ಪೆರ್ಡೂರು–ಹೆಬ್ರಿ ನಡುವಿನ ಒಂದು ಮೀನು ಕೆರೆ ಹೋಂಸ್ಟೇ

ಮೊದಲು ಬಿಲ್ಲು ನೋಡಿ. ಎರಡು ರೂಮು, ಒಂದು ರಾತ್ರಿ, ನಾಲ್ಕು ಜನ, ಊಟ ತಿಂಡಿ ಸೇರಿ 7,200 ರೂಪಾಯಿ. ಗಾಳ ಹಾಕುವುದಕ್ಕೆ ಒಂದು ಕೋಲಿಗೆ ಅರ್ಧ ದಿನಕ್ಕೆ 300. ಅವರದೇ ಕೋಲು ಬೇಕಾದರೆ ಮತ್ತೆ 150. ಹಿಡಿದ ಮೀನಿಗೆ ಕಿಲೋಗೆ 260. ಕೊನೆಯ ಸಾಲಿನಲ್ಲಿ ‘ಮುಗುಡು, 2.4 ಕಿಲೋ, 624 ರೂ.’ ಅಂತ ಉಂಟು. ಆ ಮುಗುಡನ್ನು ನಾನು ತಿನ್ನಲಿಲ್ಲ, ಮನೆಗೂ ತರಲಿಲ್ಲ. ಅದರ ಕತೆ ಆಮೇಲೆ.

ಜಾಗದ ಹೆಸರು ಬರೆಯುವುದಿಲ್ಲ. ಹೊಗಳುವುದು ಸ್ವಲ್ಪ ಉಂಟು, ಬೈಯುವುದೂ ಉಂಟು. ನಡೆಸುವವರು ಸಣ್ಣ ವಯಸ್ಸಿನವರು, ತಿದ್ದಿಕೊಳ್ಳಲಿ. ಉಡುಪಿ ಜಿಲ್ಲೆಯ ಪೆರ್ಡೂರು ದಾಟಿ ಹೆಬ್ರಿ ಕಡೆಗೆ ಹೋಗುವಾಗ ಒಳಗೆ ಅಡಿಕೆ ತೋಟದ ಮಣ್ಣು ರಸ್ತೆಯಲ್ಲಿ ಒಂದೂವರೆ ಕಿಲೋಮೀಟರು, ಇಷ್ಟು ಗುರುತು ಸಾಕು.

ನಾನು ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿದವಳು. ಹುಟ್ಟಿದ್ದು ಬಾರ್ಕೂರು ಬದಿಯಲ್ಲಿ, ಸೀತಾ ಹೊಳೆಗೆ ಉಬ್ಬರದ ಉಪ್ಪುನೀರು ಹತ್ತಿ ಇಳಿಯುವ ಕಡೆ. ಗಾಳ ಹಾಕಲು ಕಲಿಸಿದ್ದು ಅಮ್ಮನ ಅಣ್ಣ. ಒಂದು ಓಟೆ ಕೋಲು, ಎರಡು ಮಾರು ತಂಗೀಸು ದಾರ, ಹಳೇ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಬೆಂಡು, ಗಾಳದ ತುದಿಗೆ ಸಣ್ಣ ಸಿಗಡಿ. ಇರ್ಪೆ ಸಿಕ್ಕಿದ ದಿನ ಮನೆಯಲ್ಲಿ ಹಬ್ಬ. ‘ಹೆಣ್ಣು ಹುಡುಗಿಗೆ ಎಂತ ಗಾಳ’ ಅಂತ ಅಜ್ಜಿ ಬೈಯುತ್ತಿದ್ದರು, ಹುರಿದ ಇರ್ಪೆಯ ನಡುವಿನ ತುಂಡು ಮಾತ್ರ ಅವರಿಗೇ ಬೇಕು. ಮದುವೆ, ಮಕ್ಕಳು, ಪೇಪರು ತಿದ್ದುವುದು ಅಂತ ಮೂವತ್ತು ವರ್ಷ ಕೋಲು ಮುಟ್ಟಲಿಲ್ಲ. ರಿಟೈರಾದ ಮೇಲೆ ಪುನಃ ಶುರು ಮಾಡಿದ್ದೇನೆ. ಹೀಗಾಗಿ ಇದನ್ನು ಓದುವಾಗ ಒಬ್ಬ ರಿಟೈರ್ಡ್ ಟೀಚರು ಕೆಂಪು ಪೆನ್ನು ಹಿಡಿದು ಕೂತಿದ್ದಾಳೆ ಅಂತಲೇ ತಿಳಿದುಕೊಳ್ಳಿ.

ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಅಳಿಯ. ಇಂಗ್ಲೆಂಡಿನ ಡರ್ಬಿಯಲ್ಲಿ ಆರು ವರ್ಷ ಕೆಲಸ ಮಾಡಿ ಬಂದವನು. ಬರುವಾಗ ಎಲ್ಲರೂ ಚಾಕಲೇಟು, ಸೆಂಟು ತಂದರೆ ಇವನು ಒಂಬತ್ತು ಅಡಿಯ ಫ್ಲೈ ರಾಡ್, ಅಂದರೆ ಅಲ್ಲಿಯ ಒಂದು ಬಗೆಯ ಗಾಳದ ಕೋಲು, ತಂದ. ಎರಡು ವರ್ಷ ಅದು ನಮ್ಮ ಅಟ್ಟದಲ್ಲಿ ಮಳೆಗಾಲದ ಕೊಡೆಯ ಪಕ್ಕದಲ್ಲಿ ಮಲಗಿತ್ತು. ಒಂದು ದಿನ ಫೋನು ತೋರಿಸಿದ. ‘ಮಾಮಿ, ಇಲ್ಲೇ ಹೆಬ್ರಿ ಹತ್ತಿರ ಫ್ಲೈ ಫಿಶಿಂಗ್ ಉಂಟಂತೆ, ನದಿ ಬದಿಯಲ್ಲಿ!’ ಜಾಹೀರಾತಿನಲ್ಲಿ ಒಬ್ಬ ಬಿಳಿಯ ಮನುಷ್ಯ ಟ್ರೌಟ್ ಮೀನು ಎತ್ತಿ ಹಿಡಿದು ನಗುತ್ತಿದ್ದ. ಅಲ್ಲೇ ನನ್ನ ಮೊದಲನೇ ಕೆಂಪು ಗೆರೆ ಬಿತ್ತು. ಟ್ರೌಟಿಗೆ ತಣ್ಣನೆ ನೀರು ಬೇಕು. ಬ್ರಿಟಿಷರು ತಂದು ಬಿಟ್ಟದ್ದು ನೀಲಗಿರಿಯಲ್ಲಿ, ಮುನ್ನಾರಿನಲ್ಲಿ ಇನ್ನೂ ಉಂಟು. ನಮ್ಮ ಕರಾವಳಿಯ ಹೊಳೆಯಲ್ಲಿ ಟ್ರೌಟ್ ಬಿಟ್ಟರೆ ಅದು ಏಪ್ರಿಲ್‌ಗೆ ತಾನಾಗಿ ಬೆಂದು ಪುಳಿಮುಂಚಿಗೆ ರೆಡಿಯಾದೀತು.

ಹೋದದ್ದು ನವೆಂಬರ್ ಕೊನೆಯ ಒಂದು ಭಾನುವಾರ, ಮರುದಿನ ಸೋಮವಾರ ಮಧ್ಯಾಹ್ನ ವಾಪಸ್. ಈ ವಾರಗಳನ್ನು ನೆನಪಿಟ್ಟುಕೊಳ್ಳಿ. ದಾರಿಯಲ್ಲಿ ಪೆರ್ಡೂರು ದೇವಸ್ಥಾನದಲ್ಲಿ ನಿಂತು ಬಾಳೆಹಣ್ಣಿನ ಸೇವೆ ಮಾಡಿಸಿದೆವು. ಗೆಂಡೆ ಜಾತಿಯ ಮೀನಿಗೆ ಹಣ್ಣಾದ ಬಾಳೆಹಣ್ಣು ಒಳ್ಳೆಯ ಎರೆ, ಅಳಿಯ ಅದನ್ನು ಹೇಳಿಯೇ ಬಿಟ್ಟ. ಪ್ರಸಾದದ ಹಣ್ಣನ್ನು ಗಾಳಕ್ಕೆ ಚುಚ್ಚಲು ನನಗೆ ಮನಸ್ಸು ಬರಲಿಲ್ಲ. ಹೊರಗಿನ ಅಂಗಡಿಯಲ್ಲಿ ಬೇರೆ ಅರ್ಧ ಡಜನ್ ತೆಗೆದುಕೊಂಡೆ.

ಈಗ ‘ನದಿ ಬದಿ’ಯ ವಿಷಯ. ಕೆರೆ ನದಿ ಬದಿಯಲ್ಲಿ ಇಲ್ಲ. ಅದು ಹಳೆಯ ಕೆಂಪುಕಲ್ಲಿನ ಕೋರೆ. ಕಲ್ಲು ಕಡಿದು ಮುಗಿದ ಮೇಲೆ ಮಳೆನೀರು, ಒರತೆ ನೀರು ತುಂಬಿ ಕೆರೆಯಾಗಿದೆ. ಸುಮಾರು ಮುಕ್ಕಾಲು ಎಕರೆ ಇರಬಹುದು. ಮೂರು ಬದಿಯಲ್ಲಿ ಗೋಡೆ ಕಡಿದ ಹಾಗೆ ನೆಟ್ಟಗೆ, ಒಂದು ಬದಿಯಲ್ಲಿ ಲಾರಿ ಇಳಿಯುತ್ತಿದ್ದ ಇಳಿಜಾರು. ನೋಡಲು ಚಂದ, ಇಲ್ಲ ಅನ್ನುವುದಿಲ್ಲ. ಬೆಳಿಗ್ಗೆ ಕೆಂಪು ಗೋಡೆಯ ನೆರಳು ಹಸಿರು ನೀರಿನ ಮೇಲೆ ಬೀಳುವಾಗ ಮಿಂಚುಳ್ಳಿಯೊಂದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗೆರೆ ಎಳೆದ ಹಾಗೆ ಹಾರುತ್ತದೆ. ಆದರೆ ಆ ಮೂರು ಗೋಡೆಗಳ ಮೇಲೆ ಒಂದು ಬೇಲಿ ಇಲ್ಲ, ಹಗ್ಗ ಇಲ್ಲ, ನೀರಿಗೆ ಬಿದ್ದರೆ ಎಸೆಯಲು ಒಂದು ಗಾಳಿ ತುಂಬಿದ ಟ್ಯೂಬ್ ಸಹ ಇಲ್ಲ. ಕೋರೆ ಕೆರೆ ಸಾಮಾನ್ಯ ಕೆರೆಯ ಹಾಗಲ್ಲ. ಬದಿಯಲ್ಲಿ ಮೊಣಕಾಲು ನೀರು, ಮತ್ತೆ ಸೊಂಟ, ಮತ್ತೆ ಕುತ್ತಿಗೆ ಅಂತ ಮೆಟ್ಟಿಲಿಲ್ಲ, ಕಾಲಿಟ್ಟಲ್ಲಿಂದಲೇ ಎರಡಾಳು ಆಳ. ಒಂಬತ್ತು ವರ್ಷದ ಮೊಮ್ಮಗಳ ಕೈಯನ್ನು ನಾನು ಒಂದೂವರೆ ದಿನ ಬಿಡಲಿಲ್ಲ. ನನ್ನ ಒಂದೇ ಕೈಯಲ್ಲಿ ಗಾಳ. ಇದಕ್ಕೆ ನಾನು ಹತ್ತರಲ್ಲಿ ಮೂರು ಮಾರ್ಕು ಸೀದಾ ಕಡಿದಿದ್ದೇನೆ. ನಡೆಸುವ ಹುಡುಗನಿಗೆ ಹೇಳಿದೆ ಕೂಡ. ‘ಮಾಡಿಸ್ತೇವೆ ಟೀಚರೇ, ಬರುವ ಸೀಸನ್‌ಗೆ’ ಅಂದ. ಹೋಂವರ್ಕ್ ನಾಳೆ ತರ್ತೇನೆ ಅನ್ನುವ ಮಕ್ಕಳ ಮುಖ ನನಗೆ ಚೆನ್ನಾಗಿ ಗೊತ್ತು.

ರೂಮು ಸರಿ ಇದೆ. ಹಂಡೆಯ ಬಿಸಿನೀರು, ಗಟ್ಟಿ ಹಾಸಿಗೆ, ಸಂಜೆ ಮೇಲೆ ನೆಟ್‌ವರ್ಕ್ ಇಲ್ಲ. ಮಗಳು ಎರಡು ದಿನವೂ ಚಾವಡಿಯಲ್ಲಿ ಕೂತು ಪುಸ್ತಕ ಓದಿದಳು, ಅವಳ ಪ್ರಕಾರ ಜಾಗಕ್ಕೆ ಹತ್ತಕ್ಕೆ ಹತ್ತು.

ಭಾನುವಾರ ನಾವು ತಲುಪಿದ್ದು ಮಧ್ಯಾಹ್ನ. ಕೋಲು ಹಿಡಿಯುವ ಮೊದಲು ಒಂದು ಪ್ರಶ್ನೆ ಕೇಳಿದೆ, ನೀವೂ ಯಾವ ಸಾಕಿದ ಕೆರೆಗೆ ಹೋದರೂ ಮೊದಲು ಇದನ್ನೇ ಕೇಳಿ. ಮೀನಿಗೆ ಎಂತ ಹಾಕ್ತೀರಿ, ಎಲ್ಲಿ ಹಾಕ್ತೀರಿ? ನೆಲಗಡಲೆ ಹಿಂಡಿ ಮತ್ತು ತೌಡು, ಸಂಜೆ ನಾಲ್ಕಕ್ಕೆ, ಇಳಿಜಾರಿನ ಎಡಮೂಲೆಯಲ್ಲಿ. ಅಲ್ಲಿಗೆ ಅರ್ಧ ಪರೀಕ್ಷೆ ಪಾಸು. ಅವರು ಗಾಳಕ್ಕೆ ಕೊಡುವುದು ಬ್ರೆಡ್ಡಿನ ತುಂಡು, ನೀರಿಗೆ ಬಿದ್ದ ಅರೆಕ್ಷಣಕ್ಕೆ ಕರಗಿ ಹೋಗುತ್ತದೆ. ನಾನು ಅಡುಗೆ ಮನೆಯಿಂದ ಒಂದು ಹಿಡಿ ಮೈದಾ ಕೇಳಿ ತಂದು, ಅದೇ ಹಿಂಡಿ, ಅದೇ ತೌಡು, ಅರ್ಧ ಬಾಳೆಹಣ್ಣು ಹಾಕಿ ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ನಾದಿದೆ. ಕಡಲೆಕಾಯಿ ಗಾತ್ರದ ಉಂಡೆ, ಗಾಳದ ಮೊನೆ ಮುಚ್ಚುವಷ್ಟು.

ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೂರೂ ಇವೆ, ಜಿಲೇಬಿ ಮೀನು ಲೆಕ್ಕವಿಲ್ಲದಷ್ಟು. ಈ ಮೂರನ್ನು ಒಟ್ಟಿಗೆ ಸಾಕುವುದಕ್ಕೆ ಕಾರಣ ಉಂಟು. ಒಂದೇ ಮನೆಯಲ್ಲಿ ಮೂರು ಮಹಡಿಯಲ್ಲಿ ಮೂವರು ಬಾಡಿಗೆಗೆ ಇದ್ದ ಹಾಗೆ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ಮೇಲಿನ ನೀರಿನದ್ದು ತಿನ್ನುತ್ತದೆ. ರೋಹು ನಡುವಿನದು. ಮೃಗಾಲ್ ತಳದ್ದು. ಹೀಗಾಗಿ ಬೆಂಡನ್ನು ಎಲ್ಲಿ ಕಟ್ಟುತ್ತೀರಿ ಅನ್ನುವುದರ ಮೇಲೆ ಯಾವ ಮೀನು ಅನ್ನುವುದು ನಿರ್ಧಾರ. ಬಾಡಿಗೆಗೆ ಕೊಡುವ ಕೋಲುಗಳಲ್ಲಿ ಬೆಂಡು ಎಲ್ಲದರಲ್ಲೂ ಒಂದೇ ಅಳತೆಗೆ ಕಟ್ಟಿ ಅಂಟು ಹಾಕಿದ್ದಾರೆ. ಗಾಳದ ಮೊನೆ ನನ್ನ ಉಗುರಿನ ಮೇಲೆ ಎಳೆದರೆ ಜಾರುತ್ತದೆ, ಗೀರುವುದಿಲ್ಲ. ಅಂಥ ಗಾಳಕ್ಕೆ 150 ರೂಪಾಯಿ ಕೊಡಬೇಡಿ. ಮಲ್ಪೆಯಲ್ಲಿ, ಇಲ್ಲದಿದ್ದರೆ ಮಂಗಳೂರಿನ ಬಂದರಿನಲ್ಲಿ ಬಲೆ, ಹಗ್ಗ ಮಾರುವ ಅಂಗಡಿಗೆ ಹೋದರೆ ಆ ದುಡ್ಡಿಗೆ ಗಾಳ, ತಂಗೀಸು, ಸೀಸ ಎಲ್ಲ ಬರುತ್ತದೆ.

ಸಂಜೆ ನಾಲ್ಕೂವರೆಯಿಂದ ಐದೂಮುಕ್ಕಾಲರ ಒಳಗೆ ಎಡಮೂಲೆಯಲ್ಲಿ ನನಗೆ ಎರಡು ರೋಹು, ಒಂದು ಕಾಟ್ಲಾ. ಮೊಮ್ಮಗಳಿಗೆ ಅಂಗೈ ಅಗಲದ ಏಳು ಜಿಲೇಬಿ. ಕಾಟ್ಲಾ ಕಚ್ಚುವುದು ನೋಡಬೇಕು. ಬೆಂಡು ಮುಳುಗುವುದಿಲ್ಲ, ಮೊದಲು ಅಡ್ಡ ಮಲಗುತ್ತದೆ. ಯಾಕೆಂದರೆ ಮೀನು ಎರೆಯನ್ನು ಬಾಯಿಗೆ ತೆಗೆದುಕೊಂಡು ಮೇಲಕ್ಕೆ ಎದ್ದಿರುತ್ತದೆ, ಸೀಸದ ಭಾರ ಬೆಂಡಿಗೆ ತಪ್ಪಿರುತ್ತದೆ. ಮುಳುಗಲಿ ಅಂತ ಕಾದವನಿಗೆ ಕಾಟ್ಲಾ ಇಲ್ಲ. ಇದನ್ನು ನನ್ನ ಸೋದರಮಾವ ಹೇಳಿಕೊಟ್ಟದ್ದಲ್ಲ, ಅವರ ಹೊಳೆಯಲ್ಲಿ ಕಾಟ್ಲಾ ಇರಲಿಲ್ಲ. ಇಲ್ಲಿ ಎರಡು ಸಲ ತಪ್ಪಿಸಿಕೊಂಡ ಮೇಲೆ ನಾನೇ ಕಲಿತದ್ದು.

ಅಳಿಯನ ಕತೆ ಬೇರೆ. ಫ್ಲೈ ಅಂದರೆ ಎಂತ ಅಂತ ನನಗೆ ಆ ದಿನವೇ ಸರಿಯಾಗಿ ಅರ್ಥ ಆದದ್ದು. ನಮ್ಮ ಗಾಳದಲ್ಲಿ ದೂರ ಹೋಗುವುದು ಸೀಸದ ಭಾರದಿಂದ. ಅವನ ಗಾಳಕ್ಕೆ ಭಾರವೇ ಇಲ್ಲ, ಒಂದು ಸಣ್ಣ ಕೊಕ್ಕೆಗೆ ದಾರ ಮತ್ತು ಗರಿ ಸುತ್ತಿ ಹುಳದ ಹಾಗೆ ಮಾಡಿದ್ದು. ಭಾರ ಇರುವುದು ಹಗ್ಗದಂಥ ಆ ದಪ್ಪ ಲೈನಿಗೆ. ಅದನ್ನು ಹಿಂದಕ್ಕೆ ಬೀಸಿ, ಪೂರ್ತಿ ಬಿಚ್ಚಿಕೊಂಡ ಮೇಲೆ ಮುಂದಕ್ಕೆ ತರಬೇಕು, ಆಗ ಹುಳ ನೀರಿನ ಮೇಲೆ ಉದುರಿದ ಹಾಗೆ ಕೂರುತ್ತದೆ. ಅವನ ಡಬ್ಬಿ ತೆರೆದು ನೋಡಿದೆ. ಒಂದೊಂದು ಗುಳಿಯಲ್ಲಿ ಒಂದೊಂದು. ಕೆಂಚು ಬಣ್ಣದ್ದು, ಬೂದು, ಕಪ್ಪು ಬಿಳಿ ಚುಕ್ಕಿಯದ್ದು. ಎಲ್ಲ ಹುಂಜದ ಕುತ್ತಿಗೆಯ ಗರಿಯಂತೆ, ನೀರಿನಲ್ಲಿ ತೇಲುವುದಕ್ಕೆ ಅದೇ ಆಗಬೇಕಂತೆ, ಗರಿಗೆಂದೇ ಅಲ್ಲಿ ಹುಂಜ ಸಾಕುವವರಿದ್ದಾರಂತೆ. ‘ಮಾರಾಯ, ನಮ್ಮಲ್ಲಿ ಈ ಬಣ್ಣ ನೋಡಿ ಕೋಳಿ ಅಂಕಕ್ಕೆ ದುಡ್ಡು ಕಟ್ತಾರೆ, ನೀನು ಮೀನಿಗೆ ಕಟ್ಟಿದ್ದೀಯ’ ಅಂದೆ.

ಈಗ ಸಮಸ್ಯೆ. ಒಂಬತ್ತು ಅಡಿ ಕೋಲು, ಹಿಂದೆ ಬಿಚ್ಚಿಕೊಳ್ಳಬೇಕಾದ ಲೈನು ಮೂವತ್ತು ಅಡಿ, ಕೆರೆಯ ಬದಿಯಿಂದ ಹತ್ತನೇ ಅಡಿಯಲ್ಲಿ ಅಡಿಕೆ ತೋಟ. ಮೊದಲ ಬೀಸಿಗೆ ಗಾಳ ಅಡಿಕೆ ಸೋಗೆಗೆ. ಎರಡನೆಯದ್ದೂ ಸೋಗೆಗೆ. ಮೂರನೆಯದ್ದು ಪಕ್ಕದ ಬಾಳೆಯ ಮೂತಿಗೆ. ತೋಟದ ಕೆಲಸದವರೊಬ್ಬರು ಅಡಿಕೆ ಕೊಯ್ಯುವ ದೋಟಿ ತಂದು ಒಂದನ್ನು ಬಿಡಿಸಿ ಕೊಟ್ಟರು. ಉಳಿದದ್ದು ಈಗಲೂ ಅಲ್ಲೇ ಉಂಟು, ಹೋದವರು ಮೇಲೆ ನೋಡಿ. ‘ಫ್ಲೈ ಫಿಶಿಂಗ್ ಸೌಲಭ್ಯ’ ಅಂತ ಬರೆದವರು ಒಂದು ಸಲವಾದರೂ ಫ್ಲೈ ರಾಡ್ ಬೀಸಿ ನೋಡಿದವರಲ್ಲ. ಆಮೇಲೆ ಅವನು ಹಿಂದಕ್ಕೆ ಬೀಸದೆ, ನೀರಿನ ಮೇಲೇ ಲೈನನ್ನು ಎಳೆದು ಸುರುಳಿ ಮಾಡಿ ಮುಂದಕ್ಕೆ ಉರುಳಿಸುವ ವಿದ್ಯೆ ತೋರಿಸಿದ. ರೋಲ್ ಕಾಸ್ಟ್ ಅಂತ ಹೆಸರು. ಹಾಗೆ ಎರಡು ಜಿಲೇಬಿ ಹಿಡಿದ. ಎರಡನ್ನೂ ಕೈ ಒದ್ದೆ ಮಾಡಿಕೊಂಡು, ಕೊಕ್ಕೆ ಬಿಡಿಸಿ, ವಾಪಸು ನೀರಿಗೆ ಬಿಟ್ಟ.

ಅಲ್ಲಿ ನಮಗೆ ಜಗಳ ಶುರುವಾಯಿತು. ಸಣ್ಣ ಜಗಳ, ಅತ್ತೆ ಅಳಿಯ ಆಡಬಹುದಾದಷ್ಟು. ಇಂಗ್ಲೆಂಡಿನಲ್ಲಿ ಸಿಹಿನೀರಿನ ಮೀನಿನಲ್ಲಿ ಎರಡು ಜಾತಿ. ಸಾಲ್ಮನ್, ಟ್ರೌಟ್ ಒಂದು ಪಂಕ್ತಿ. ಉಳಿದ ರೋಚ್, ಬ್ರೀಮ್, ಟೆಂಚ್, ಕಾರ್ಪ್, ಪೈಕ್ ಎಲ್ಲ ಸೇರಿ ‘ಕೋರ್ಸ್’ ಮೀನು, ಅಂದರೆ ಒರಟು ಮೀನು. ಪಂಕ್ತಿಭೇದ ಅವರಲ್ಲೂ ಉಂಟು ನೋಡಿ. ಈ ಒರಟು ಮೀನನ್ನು ಅಲ್ಲಿ ಹೆಚ್ಚಿನವರು ಮನೆಗೆ ಒಯ್ಯುವುದಿಲ್ಲ. ದಿನವಿಡೀ ಮಳೆಯಲ್ಲಿ ಕೂತು, ಹಿಡಿದು, ಮೆತ್ತನೆ ಚಾಪೆಯ ಮೇಲೆ ಮಲಗಿಸಿ ಕೊಕ್ಕೆ ತೆಗೆದು, ತೂಕ ನೋಡಿ ವಾಪಸು ಬಿಡುತ್ತಾರೆ. ಹದಿಮೂರು ವರ್ಷ ದಾಟಿದವರಿಗೆ ಗಾಳ ಹಾಕಲು ಲೈಸೆನ್ಸ್ ಬೇಕು. ಹೊಳೆಯಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಒರಟು ಮೀನಿಗೆ ಗಾಳ ಹಾಕುವಂತೆಯೇ ಇಲ್ಲ, ಅದು ಮೊಟ್ಟೆ ಇಡುವ ಕಾಲ. ಈ ಕೊನೆಯ ಮಾತು ನನಗೆ ಸರಿ ಕಂಡಿತು. ನಮ್ಮ ಕಡಲಿನಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಯುವಂತಿಲ್ಲ. ಆದರೆ ಹೊಳೆಯಲ್ಲಿ ನಾವು ತದ್ವಿರುದ್ಧ. ಮೊದಲ ಮಳೆಗೆ ಮೊಟ್ಟೆ ಇಡಲು ತೋಡು ಹತ್ತಿ ಗದ್ದೆಗೆ ಬರುವ ಮೀನನ್ನು, ತುಳುವಿನಲ್ಲಿ ಉಬರ್ ಅನ್ನುತ್ತೇವಲ್ಲ, ಆ ರಾತ್ರಿಯೇ ಕತ್ತಿ, ಟಾರ್ಚು ಹಿಡಿದು ಕಡಿಯುವುದು. ಚಿಕ್ಕಂದಿನಲ್ಲಿ ನಾನೂ ಲಾಟೀನು ಹಿಡಿದವಳೇ. ಹೊಟ್ಟೆ ತುಂಬ ಮೊಟ್ಟೆ ಇದ್ದ ಮೀನಿಗೆ ರುಚಿ ಹೆಚ್ಚು ಅಂತ ಹೇಳುತ್ತಿದ್ದ ಬಾಯಿ ಇದು. ಈಗ ಹೇಳುವುದಿಲ್ಲ.

ಆದರೆ ತಿನ್ನುವುದಕ್ಕಲ್ಲ ಅಂತಾದರೆ ಹಿಡಿಯುವುದು ಎಂತಕ್ಕೆ? ಒಂದು ಪ್ರಾಣಿಯ ಬಾಯಿಗೆ ಕೊಕ್ಕೆ ಚುಚ್ಚಿ, ಆಟ ಆಡಿಸಿ, ಥ್ಯಾಂಕ್ಸ್ ಹೇಳಿ ಕಳಿಸುವುದು ಯಾವ ನ್ಯಾಯ? ‘ಮಾಮಿ, ನೀವು ಕೊಲ್ತೀರಿ, ನಾನು ಬಿಡ್ತೇನೆ, ಮತ್ತೆ ನನಗೆ ಬೈತೀರಿ’ ಅಂದ. ‘ನಾನು ಕೊಂದದ್ದನ್ನು ತಿಂತೇನೆ’ ಅಂದೆ. ಮೊಮ್ಮಗಳು ‘ಅಜ್ಜಿ, ಬೆಂಡು!’ ಅಂತ ಕೂಗಿದ್ದರಿಂದ ಅದು ಅಲ್ಲಿಗೆ ನಿಂತಿತು.

ರಾತ್ರಿಯ ಊಟಕ್ಕೆ ನಾನು ಪೂರ್ತಿ ಮಾರ್ಕು ಕೊಡುತ್ತೇನೆ. ಅಡುಗೆ ಮಾಡುವವರು ನಡೆಸುವ ಹುಡುಗನ ತಾಯಿ. ಕೆರೆ ಮೀನಿಗೆ ಕೆಸರಿನ ವಾಸನೆ ಅಂತ ನಮ್ಮ ಕರಾವಳಿಯವರು ಮೂಗು ಮುರಿಯುವುದು ಸುಳ್ಳಲ್ಲ. ಹಸಿರು ನೀರಿನ ಪಾಚಿಯಂಥ ಸೂಕ್ಷ್ಮ ಜೀವಿಗಳು ಮಾಡುವ ಜಿಯೋಸ್ಮಿನ್ ಅನ್ನುವ ವಸ್ತುವಿನಿಂದ ಅದು ಬರುವುದು, ಮೊದಲ ಮಳೆಯ ಮಣ್ಣಿನ ವಾಸನೆಗೂ ಅದೇ ಕಾರಣ. ಮಣ್ಣಿನಲ್ಲಿ ಬಂದರೆ ಕವಿತೆ, ಮೀನಿನಲ್ಲಿ ಬಂದರೆ ವಾಂತಿ. ಹುಳಿ ತಾಗಿದರೆ ಅದು ತಗ್ಗುತ್ತದೆ. ಆ ಅಕ್ಕನಿಗೆ ಜಿಯೋಸ್ಮಿನ್ ಗೊತ್ತಿಲ್ಲ, ಆದರೆ ತುಂಡುಗಳಿಗೆ ಕಲ್ಲುಪ್ಪು ಮತ್ತು ಹುಣಸೆ ತಿಕ್ಕಿ ಮುಕ್ಕಾಲು ಗಂಟೆ ಇಟ್ಟು, ಮೂರು ನೀರಿನಲ್ಲಿ ತೊಳೆದು, ಮಣ್ಣಿನ ಪಾತ್ರೆಯಲ್ಲಿ ಪುಳಿಮುಂಚಿ ಮಾಡಿದರು. ಕುಚ್ಚಲಕ್ಕಿ ಅನ್ನದ ಜೊತೆ. ಕಾಟ್ಲಾದ ತಲೆಯನ್ನು ನಾನೇ ತೆಗೆದುಕೊಂಡೆ, ಅಳಿಯನಿಗೆ ಕೇಳಲೂ ಇಲ್ಲ. ಅವನು ಮೂರು ತುಂಡು ತಿಂದ, ಬಿಡುವ ಧರ್ಮ ಊಟದ ಎಲೆಗೆ ಅನ್ವಯಿಸುವುದಿಲ್ಲವಂತೆ. ಜಿಲೇಬಿಯನ್ನು ಮಾತ್ರ ಪ್ಯಾಕೆಟಿನ ಕೆಂಪು ಮಸಾಲೆ ಹಾಕಿ ಹುರಿದಿದ್ದರು, ಅದು ಯಾವ ಊರಿನಲ್ಲೂ ಸಿಗುವ ರುಚಿ.

ಊಟದ ಹೊತ್ತಿಗೆ ಹುಡುಗ ಇನ್ನೊಂದು ಮಾತು ತೆಗೆದ. ದೊಡ್ಡ ಮೀನು ಬೇಕಾದರೆ, ಮಹಶೀರ್ ತರದ್ದು, ‘ವ್ಯವಸ್ಥೆ’ ಮಾಡಿಸಬಹುದು, ರಾತ್ರಿ ಹೊಳೆಗೆ ಹೋಗುವವರು ಗೊತ್ತುಂಟು ಅಂತ. ನಾನು ತಟ್ಟೆಯಿಂದ ತಲೆ ಎತ್ತಿ ನೋಡಿದ್ದಕ್ಕೇ ಅವನ ಮಾತು ಅರ್ಧಕ್ಕೆ ನಿಂತಿತು. ಶಿಶಿಲದ ದೇವಸ್ಥಾನದ ಬದಿಯ ಕಪಿಲಾ ಹೊಳೆಯಲ್ಲಿ ದೇವರ ಮೀನು ಅಂತ ಜನ ಅರಳು ಹಾಕುವುದು ಅದೇ ಮೀನಿಗೆ. 1996ರಲ್ಲಿ ಅಲ್ಲಿಗೆ ಯಾರೋ ವಿಷ ಹಾಕಿ ರಾಶಿ ರಾಶಿ ಸತ್ತವು. ಅಲ್ಲಿಗೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗೆಲ್ಲ ಆ ಕತೆ ಹೇಳದೆ ಬಂದವಳಲ್ಲ ನಾನು. ಅಳಿಯ ಹೇಳಿದ, ಡರ್ಬಿ ಹತ್ತಿರದ ಬೇಕ್‌ವೆಲ್ ಅನ್ನುವ ಊರಿನಲ್ಲಿ ಸೇತುವೆಯ ಕೆಳಗೆ ಕೈಯುದ್ದದ ಟ್ರೌಟ್‌ಗಳು ಹಿಂಡು ಹಿಂಡಾಗಿ ನಿಂತಿರುತ್ತವೆ, ಬಂದವರೆಲ್ಲ ತಿನ್ನಲು ಹಾಕುತ್ತಾರೆ ಅಂತ. ದೇವಸ್ಥಾನ ಇಲ್ಲದ ಶಿಶಿಲ.

ಸೋಮವಾರ ಬೆಳಿಗ್ಗೆ ಐದೂವರೆಗೆ ಬಾಗಿಲು ತಟ್ಟಿದರು. ‘ಬನ್ನಿ ಟೀಚರೇ, ಮೀನೆಲ್ಲ ಮೇಲೆ ಬಂದಿದೆ!’ ಹೋಗಿ ನೋಡಿದರೆ ಹೌದು, ಕೆರೆ ತುಂಬ ಬಾಯಿಗಳು. ಬಾಯಿ ತೆರೆದು, ಮುಚ್ಚಿ, ತೆರೆದು. ಮೊಮ್ಮಗಳಿಗೆ ಖುಷಿಯೋ ಖುಷಿ. ನಾನು ಕೋಲು ಕೆಳಗಿಟ್ಟೆ. ಅದು ಹಸಿವೆಯಲ್ಲ, ಉಬ್ಬಸ. ರಾತ್ರಿಯಿಡೀ ಬೆಳಕಿಲ್ಲದೆ ಹಸಿರು ಪಾಚಿಯೂ ಆಮ್ಲಜನಕ ಎಳೆಯುತ್ತದೆ, ಮೀನೂ ಎಳೆಯುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ತಳ ಮುಟ್ಟುತ್ತದೆ, ಹಿಂದಿನ ದಿನ ಮೋಡ ಇದ್ದರೆ ಇನ್ನೂ ಕಡಿಮೆ. ಆಗ ಮೀನು ಮೇಲಿನ ತೆಳು ಪದರದ ನೀರಿಗೆ ಬಾಯಿ ಹಚ್ಚುತ್ತದೆ. ಆ ಹೊತ್ತಿಗೆ ಎಂತ ಎರೆ ಹಾಕಿದರೂ ಮುಟ್ಟುವುದಿಲ್ಲ, ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಕೊಂಡವರಿಗೆ ಬಿರಿಯಾನಿ ತೋರಿಸಿದ ಹಾಗೆ. ಬಿಸಿಲು ಬಿದ್ದು ಒಂಬತ್ತು ಗಂಟೆ ಆದ ಮೇಲೆ ಬನ್ನಿ ಅಂತ ಅವರೇ ಬೋರ್ಡ್ ಹಾಕಬೇಕಿತ್ತು. ಹಿಂಡಿ ಹಾಕುವುದನ್ನು ಎರಡು ದಿನ ನಿಲ್ಲಿಸಿ, ಬೆಳಗಿನ ಜಾವ ಪಂಪ್ ಹಾಕಿ ನೀರನ್ನು ಮೇಲಿಂದ ಬೀಳಿಸು ಅಂತ ಹುಡುಗನಿಗೆ ಹೇಳಿದೆ. ಇದನ್ನು ಮಾಡಿದ. ಸ್ವಿಚ್ ಹಾಕಿ ಬಂದು ನನ್ನ ಪಕ್ಕದಲ್ಲೇ ನಿಂತು ನೋಡಿದ, ನೀರು ಬೀಳುವ ಜಾಗಕ್ಕೆ ಮೀನುಗಳು ಒಂದೊಂದೇ ಬಂದು ಸೇರುವುದನ್ನು. ಆ ಐದು ನಿಮಿಷಕ್ಕೆ ನಾನು ಅವನಿಗೆ ಕಡಿದ ಒಂದು ಮಾರ್ಕನ್ನು ವಾಪಸು ಕೊಟ್ಟಿದ್ದೇನೆ.

ನಡುವಿನ ಹೊತ್ತಿನಲ್ಲಿ ಹೊಳೆಗೆ ಹೋದೆವು. ಅರ್ಧ ಕಿಲೋಮೀಟರು, ತೋಟ ದಾಟಿ, ಗುಡ್ಡೆ ಇಳಿದು. ಇದಕ್ಕೆ ದುಡ್ಡಿಲ್ಲ, ಇಡೀ ಬಿಲ್ಲಿನಲ್ಲಿ ಅತ್ಯಂತ ಬೆಲೆಬಾಳುವುದು ಇದೇ. ಸೀತಾ ಹೊಳೆ ಇಲ್ಲಿ ಬಾರ್ಕೂರಿನ ನನ್ನ ಹೊಳೆಯಲ್ಲ. ಬಂಡೆಗಳ ನಡುವೆ ತಿಳಿ ನೀರು, ಮೊಣಕಾಲು ಆಳದಲ್ಲಿ ತಳದ ಕಲ್ಲು ಎಣಿಸಬಹುದು. ಮೇಲೆ ಸಣ್ಣ ಕಿಂಡಿ ಅಣೆಕಟ್ಟು, ಹಲಗೆ ಇನ್ನೂ ಹಾಕಿರಲಿಲ್ಲ. ಇಲ್ಲಿ ಹಿಂದೆ ಅಡಿಕೆ ಇಲ್ಲ, ಬರೀ ಆಕಾಶ. ಅಳಿಯ ಪ್ಯಾಂಟು ಮಡಚಿ ನೀರಿಗಿಳಿದು, ಕೆಂಚು ಗರಿಯ ಒಂದು ಹುಳವನ್ನು ಬೀಸಿದ. ಲೈನು ಹಿಂದಕ್ಕೆ ಹೋಗಿ, ಒಂದು ಕ್ಷಣ ಗಾಳಿಯಲ್ಲಿ ನಿಂತು, ಮುಂದಕ್ಕೆ ಬಂದು, ಬಂಡೆಯ ನೆರಳಿನಲ್ಲಿ ಬಿತ್ತು. ಬಿತ್ತು ಅನ್ನುವ ಹಾಗಿಲ್ಲ, ಇಳಿಯಿತು. ಎಲ್ಲಿಂದಲೋ ಒಂದು ಬೆಳ್ಳಿ ತುಂಡು ನೀರಿನಿಂದ ಅರ್ಧ ಗೇಣು ಎದ್ದು ಅದನ್ನು ಕಚ್ಚಿತು.

ಬೆರಳುದ್ದದ ಮೀನು. ಅಂಗೈಯ ನೀರಿನಲ್ಲಿ ಇಟ್ಟು ತೋರಿಸಿದ. ಬದಿಯಲ್ಲಿ ನೀಲಿ ಗೆರೆಗಳು, ಅವುಗಳ ನಡುವೆ ಸಣ್ಣಗೆ ಹಳದಿ, ಬಿಸಿಲಿಗೆ ತಿರುಗಿಸಿದರೆ ಪಟ್ಟೆ ಸೀರೆಯ ಸೆರಗು. ಮಲಬಾರ್ ಡೇನಿಯೋ, ಪೇಟೆಯಲ್ಲಿ ಗಾಜಿನ ತೊಟ್ಟಿಗೆ ಅಂತ ಮಾರುವುದು ಇದನ್ನೇ. ನೀರಿನ ಮೇಲೆ ಬೀಳುವ ಹುಳ ತಿಂದು ಬದುಕುವ ಮೀನಿಗೆ ಹುಂಜದ ಗರಿಯ ಹುಳ ಸಾಕಾಯಿತು. ಚಿಕ್ಕಂದಿನಿಂದ ಹೊಳೆ ನೋಡಿದವಳು ನಾನು, ಇದನ್ನು ಯಾವತ್ತೂ ಹತ್ತಿರದಿಂದ ನೋಡಿರಲಿಲ್ಲ. ತಿನ್ನಲು ಬಾರದ ಮೀನನ್ನು ನಾವು ನೋಡುವುದೇ ಇಲ್ಲ. ಕೊಕ್ಕೆಯ ಮುಳ್ಳನ್ನು ಅವನು ಮೊದಲೇ ಇಕ್ಕಳದಲ್ಲಿ ಒತ್ತಿ 	ಮಡಚಿದ್ದ, ಅದು ತಾನಾಗಿ ಜಾರಿತು. ಮೀನು ಅಂಗೈಯಲ್ಲೇ ಎರಡು ಸಲ ಕಿವಿರು ಆಡಿಸಿ, ಹೋಯಿತು. ನಾನು ಬೈಯಲಿಲ್ಲ. ಒಂದು ಗಂಟೆಯಲ್ಲಿ ಹನ್ನೊಂದು ಹಿಡಿದು ಬಿಟ್ಟ. ಎರಡನ್ನು ನಾನೇ ಹಿಡಿದದ್ದು, ಅವನ ಕೋಲಿನಲ್ಲಿ. ಬೀಸುವುದು ನನಗೆ ಬರಲಿಲ್ಲ, ಆದರೆ ಮೀನು ಕಚ್ಚಿದ್ದು ಕೈಗೆ ಗೊತ್ತಾಗುವುದಕ್ಕೆ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ.

ಒಂದು ಎಚ್ಚರಿಕೆ. ಇದೇ ಹೊಳೆಯಲ್ಲಿ ಹೆಬ್ರಿ ದಾಟಿ ಮೇಲೆ ಹೋದರೆ ಸೋಮೇಶ್ವರ ಅಭಯಾರಣ್ಯ. 1974ರಿಂದ ಅದು ಕಾಯ್ದಿಟ್ಟ ಕಾಡು, ಅಲ್ಲಿ ಗಾಳದ ಮಾತೇ ಇಲ್ಲ. ಕೆಳಗೆ ಇದ್ದರೂ ಹಳ್ಳಿಯವರನ್ನು ಕೇಳಿ ಇಳಿಯಿರಿ. ಮಳೆಗಾಲದಲ್ಲಿ ಆ ಬಂಡೆಗಳ ಹತ್ತಿರವೂ ಹೋಗಬೇಡಿ, ಘಟ್ಟದ ಮೇಲೆ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೇ ಬಂದು ಮುಟ್ಟುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಇನ್ನು ಆ ಮುಗುಡು. ಹತ್ತು ಗಂಟೆಗೆ ಕೆರೆಗೆ ವಾಪಸು ಬಂದು, ಸೋಮವಾರ ನಾನು ಮೀನು ತಿನ್ನುವುದಿಲ್ಲವಾದ್ದರಿಂದ ಸುಮ್ಮನೆ, ಮೊಮ್ಮಗಳಿಗೆ ಹೇಳಿಕೊಡಲು, ಗಾಳಕ್ಕೆ ಎರೆಹುಳು ಹಾಕಿ ಗೋಡೆಯ ಬುಡಕ್ಕೆ ಬಿಟ್ಟೆ. ಬೆಂಡು ನಿಧಾನವಾಗಿ ನಡೆಯಲು ಶುರು ಮಾಡಿತು, ಮತ್ತೆ ಕಾಣಲಿಲ್ಲ. ಕೋಲು ಬಿಲ್ಲಾಯಿತು. ಅಳಿಯ ಬಂದು ಹಿಡಿಬಲೆ ಹಾಕುವವರೆಗೆ ಏಳೆಂಟು ನಿಮಿಷ ಆಗಿರಬಹುದು. ಮೇಲೆ ಬಂದದ್ದು ಬೂದು ಬಣ್ಣದ, ಮೀಸೆಯ, ನನ್ನ ಮುಂಗೈಗಿಂತ ದಪ್ಪದ ಮುಗುಡು. ‘ನಾಡ ಮುಗುಡು ಟೀಚರೇ, ಅಪರೂಪ!’ ಅಂದ ಹುಡುಗ. ನಮ್ಮ ನಾಡ ಮುಗುಡು ಒಂದು ಕಿಲೋ ಮುಟ್ಟುವುದೇ ಅಪರೂಪ. ಇದು ಆಫ್ರಿಕನ್ ಮುಗುಡು. ಸಿಕ್ಕಿದ್ದನ್ನೆಲ್ಲ ನುಂಗುತ್ತದೆ, ಹೊಳೆಗೆ ಸೇರಿದರೆ ಊರಿನ ಮೀನು ಉಳಿಯುವುದಿಲ್ಲ, ಅದಕ್ಕೇ ನಮ್ಮ ದೇಶದಲ್ಲಿ ಇದನ್ನು ಸಾಕಲು ನಿಷೇಧ ಉಂಟು. ಕೇಳಿದರೆ ‘ನಾವು ಹಾಕಿದ್ದಲ್ಲ, ಹಿಂದೆ ಯಾರೋ ತಂದು ಬಿಟ್ಟದ್ದು, ಇನ್ನೂ ನಾಲ್ಕೈದು ಇರಬಹುದು’ ಅಂದ. ಮಳೆಗಾಲದಲ್ಲಿ ಈ ಕೆರೆ ತುಂಬಿದರೆ ನೀರು ಎಲ್ಲಿಗೆ ಹೋಗುತ್ತದೆ? ತೋಟದ ಕಣಿಗೆ, ಅಂದರೆ ನೀರು ಹರಿಯುವ ಚರಂಡಿಗೆ. ಕಣಿಯಿಂದ? ಅವನು ಹೊಳೆಯ ಕಡೆ ನೋಡಿದ.

ಅಳಿಯ ಅಷ್ಟರಲ್ಲಿ ಕೈ ಒದ್ದೆ ಮಾಡಿಕೊಂಡಿದ್ದ. ‘ಇವತ್ತು ನೀವು ತಿನ್ನುದಿಲ್ಲ ಅಲ್ವಾ ಮಾಮಿ, ಬಿಡ್ತೇನೆ.’

‘ಬಿಟ್ಟರೆ ಜಾಗ್ರತೆ’ ಅಂದೆ.

ನಿನ್ನೆ ಸಂಜೆ ಬಿಡುವವನನ್ನು ಬೈದವಳು, ಇವತ್ತು ಬಿಡಬೇಡ ಅಂತ 624 ರೂಪಾಯಿ ಕೊಟ್ಟೆ. ತೂಕ ಮಾಡುವಾಗ ಒದ್ದೆ ಬುಟ್ಟಿ ಸೇರಿಸಿಯೇ ಇಟ್ಟಿದ್ದರು, ಬುಟ್ಟಿಯ ತೂಕ ಕಳೆಯಿಸಿದೆ, ಅದು 350 ಗ್ರಾಂ. ಹೋದವರು ಅದನ್ನೂ ಗಮನಿಸಿ. ಮೀನನ್ನು ತೋಟದಲ್ಲಿ ದೋಟಿ ತಂದುಕೊಟ್ಟವರಿಗೆ ಕೊಡಲು ಹೋದೆ. ಅವರು ನಕ್ಕರು. ‘ಸೋಮವಾರ ಅಲ್ವಾ ಅಮ್ಮ, ನಮ್ಮಲ್ಲೂ ಆಗುದಿಲ್ಲ. ನಾಳೆ ಮಾಡ್ತೇವೆ.’ ಮುಗುಡಿಗೆ ಗಾಳಿಯನ್ನೇ ಉಸಿರಾಡಲು ಬರುತ್ತದೆ, ಸ್ವಲ್ಪ ನೀರಿದ್ದರೆ ಒಂದು ದಿನ ಏನೂ ಆಗುವುದಿಲ್ಲ. ಒಂದು ನೀಲಿ ಡ್ರಮ್ಮಿಗೆ ಹಾಕಿ, ಮೇಲೆ ಅಡಿಕೆ ಹಾಳೆ ಮುಚ್ಚಿ, ಹಾಳೆಯ ಮೇಲೆ ಕಲ್ಲಿಡಿ ಅಂತ ನಾನು ಎರಡು ಸಲ ಹೇಳಿ ಹೊರಟೆ.

ಮಂಗಳವಾರ ಬೆಳಿಗ್ಗೆ ಹುಡುಗನ ಫೋನು. ರಾತ್ರಿ ಅಕಾಲದ ಮಳೆ ಬಂತಂತೆ. ಹಾಳೆ ಉಂಟು, ಡ್ರಮ್ಮು ಉಂಟು, ಕಲ್ಲು ಇಡಲು ಮರೆತಿತ್ತು. ಡ್ರಮ್ಮಿನಿಂದ ಕಣಿಯವರೆಗೆ ಒದ್ದೆ ಮಣ್ಣಿನಲ್ಲಿ ಒಂದು ಗೆರೆ ಉಂಟಂತೆ. ಈಗ ಇಬ್ಬರು ಗುದ್ದಲಿ ಹಿಡಿದು ಕಣಿಗೆ ಅಡ್ಡ ಮಣ್ಣು ಹಾಕಿ ಹುಡುಕುತ್ತಿದ್ದಾರೆ, ಸಿಕ್ಕಿದರೆ ಹೇಳ್ತೇನೆ ಅಂದ.

ಇನ್ನೂ ಫೋನು ಬಂದಿಲ್ಲ.